ನಿನ್ನೆಗೆ ಹೋದ ಹಾಲು

ಶ್ರೀನಿವಾಸಪುರದ ಕಡೆ ಒಂದು ಊರು. ಡೇರಿಯಲ್ಲಿ ಬಟವಾಡೆ ನಡೆಯುತ್ತಿತ್ತು. ದುಡ್ಡು ಎಣಿಸಿಕೊಂಡ ಒಬ್ಬ ಹೆಂಗಸು ಅಲ್ಲಿಂದ ಕದಲಲಿಲ್ಲ. ಪಾಸ್‌ಪುಸ್ತಕ ಮುಂದಿಟ್ಟು, "ಹದಿನಾರನೇ ತಾರೀಕು ಬೆಳಗ್ಗೆ ಹಾಕಿದ ಹಾಲು ಎಲ್ಲಿ ಸಾರ್? ಕಂಪ್ಯೂಟ್ರು ಕುಡ್ಕೊಂತಾ?" ಅಂದರು. ಸೆಕ್ರೆಟರಿ ಪರದೆ ನೋಡಿದರು. "ಎಲ್ಲೂ ಹೋಗಿಲ್ಲ ಕಣಮ್ಮ, ಐತೆ. ಹದಿನೈದಕ್ಕೆ ಐತೆ, ಸಂಜೆ ಲೆಕ್ಕದಾಗೆ." "ಹದಿನೈದು ಸಂಜೆ ಬೇರೆ ಹಾಕಿದ್ನಲ್ಲ?" "ಅದೂ ಐತೆ."

ಹದಿನೈದರ ಸಂಜೆಗೇ ಆ ಬಟವಾಡೆಯ ಬಿಲ್ಲು ಮುಚ್ಚಿ ದುಡ್ಡು ಬಂದಾಗಿತ್ತು. ಅದಾದ ಮೇಲೆ ಹಿಂದಿನ ದಿನಕ್ಕೆ ಹೋಗಿ ಕೂತ ಹಾಲಿಗೆ ದುಡ್ಡು ಕೊಡುವವರು ಯಾರೂ ಇರಲಿಲ್ಲ. ಪುಸ್ತಕಗಳನ್ನು ತಿರುವಿ ಹಾಕಿದಾಗ ಗೊತ್ತಾಗಿದ್ದು, ಇದು ಒಂದು ದಿನದ ಕಥೆಯಲ್ಲ, ಆ ಹೆಂಗಸೊಬ್ಬರದ್ದೂ ಅಲ್ಲ. ಡೇರಿ ಬಾಗಿಲು ತೆಗೆದ ಕೂಡಲೇ ಬಂದು ಹಾಲು ಹಾಕಿ ಹೋಗುವ ಐದಾರು ಮನೆಗಳಿಗೆ ಪ್ರತಿ ಬಟವಾಡೆಯಲ್ಲೂ ಒಂದು ಹೊತ್ತಿನ ಹಾಲು ಮಾಯವಾಗುತ್ತಿತ್ತು. ತಡವಾಗಿ ಬರುವವರಿಗೆ ಏನೂ ಆಗಿರಲಿಲ್ಲ.

ಆ ಲೆಕ್ಕದ ಕೋಡ್ ಬರೆದವನು ನಾನು. ಆದ್ದರಿಂದ ಯಾರನ್ನೂ ಬೈಯುವ ಹಾಗಿರಲಿಲ್ಲ.

ಕಾರಣ ಸಿಕ್ಕಿದ್ದು ಒಂದೇ ಸಂಖ್ಯೆಯಲ್ಲಿ: ಐದೂವರೆ. ನಮ್ಮ ಸರ್ವರ್ ಯುಟಿಸಿಯಲ್ಲಿ ಓಡುತ್ತಿತ್ತು, ಅಂದರೆ ಗ್ರೀನಿಚ್ ಲೆಕ್ಕದ ಗಡಿಯಾರದಲ್ಲಿ. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಇಲ್ಲಿ ಬೆಳಗ್ಗೆ 5:30 ಆದಾಗ ಅಲ್ಲಿ ನಡುರಾತ್ರಿ ಕಳೆದು ತಾರೀಕು ಬದಲಾಗುತ್ತದೆ. ಆ ಊರು ಹಾಲಿನ ವ್ಯಾನು ಬೇಗ ಬರುವ ರೂಟಿನಲ್ಲಿದೆ, ಹಾಗಾಗಿ ಡೇರಿ ತೆಗೆಯುವುದೇ ಐದು ಗಂಟೆಗೆ. 5:20ಕ್ಕೆ ಕ್ಯಾನಿಗೆ ಬಿದ್ದ ಹಾಲು ಸರ್ವರಿನ ಕಣ್ಣಿಗೆ ಹಿಂದಿನ ದಿನ ರಾತ್ರಿ 11:50ರ ಹಾಲು. ಗಂಟೆ ಹನ್ನೆರಡು ದಾಟಿದ್ದರೆ 'ಸಂಜೆ' ಎಂದು ನಾನೇ ಬರೆದಿದ್ದೆ. ಹೀಗೆ ಹದಿನಾರರ ಬೆಳಗಿನ ಹಾಲು ಹದಿನೈದರ ಸಂಜೆಗೆ ಸೇರಿತು. ಬೆಳಗಿನ ಮಿಕ್ಕ ಹೊತ್ತಿನಲ್ಲೆಲ್ಲ ಲೆಕ್ಕ ಸರಿಯಾಗಿಯೇ ಇತ್ತು. 5:31ಕ್ಕೆ ಬಂದವರ ಹಾಲು ಸರಿಯಾದ ದಿನಕ್ಕೆ, ಸರಿಯಾದ ಹೊತ್ತಿಗೆ ಬೀಳುತ್ತಿತ್ತು. ನಾವು ಪರೀಕ್ಷೆ ಮಾಡಿದ್ದು ಆಫೀಸಿನಲ್ಲಿ, ಹತ್ತು ಗಂಟೆಗೆ, ಕಾಫಿ ಕುಡಿದಾದ ಮೇಲೆ.

ವಿಷಯ ಕೇಳಿದ ಊರಿನ ಹಿರಿಯರೊಬ್ಬರು ಮಾತ್ರ ನನ್ನ ಪರ ನಿಂತರು. "ಸೂರ್ಯ ಹುಟ್ಟೋಕೆ ಮುಂಚೆ ಅಂದ್ರೆ ಹಿಂದಿನ ದಿನಾನೇ ಅಲ್ವೇನಪ್ಪಾ? ಪಂಚಾಂಗದಾಗೂ ಹಂಗೇ ಅಲ್ವಾ?" ಪಂಚಾಂಗದ ವಾರ ಸೂರ್ಯೋದಯಕ್ಕೆ ಶುರುವಾಗುವುದು ನಿಜ, ಮತ್ತು ಯುಟಿಸಿಯ ದಿನ ನಮ್ಮಲ್ಲಿ ಹೆಚ್ಚುಕಡಿಮೆ ಅದೇ ಹೊತ್ತಿಗೆ ತಿರುಗುತ್ತದೆ. ಆದರೆ ಬಟವಾಡೆ ನಡೆಯುವುದು ಪಂಚಾಂಗದಂತಲ್ಲ, ಕ್ಯಾಲೆಂಡರಿನಂತೆ.

ಈ ಐದೂವರೆ ಎಲ್ಲಿಂದ ಬಂತು? ಅದನ್ನು ಹುಡುಕುತ್ತಾ ಹೋದರೆ ಮೊದಲು ಸಿಗುವುದು ರೈಲು.

ರೈಲಿಗಿಂತ ಮುಂಚೆ ಪ್ರತಿ ಊರಿಗೂ ಅದರದೇ ಮಧ್ಯಾಹ್ನವಿತ್ತು. ಸೂರ್ಯ ನೆತ್ತಿಗೆ ಬಂದರೆ ಹನ್ನೆರಡು. ರೇಖಾಂಶದ ಒಂದು ಡಿಗ್ರಿಗೆ ನಾಲ್ಕು ನಿಮಿಷ. ಕೋಲಾರ ಪೂರ್ವಕ್ಕೆ 78 ಡಿಗ್ರಿಯ ಸುಮಾರು, ತುಮಕೂರು 77ರ ಸುಮಾರು. ಕೋಲಾರದಲ್ಲಿ ಮಧ್ಯಾಹ್ನವಾದ ನಾಲ್ಕು ನಿಮಿಷಕ್ಕೆ ತುಮಕೂರಿನಲ್ಲಿ ಮಧ್ಯಾಹ್ನ, ಚಿಕ್ಕಬಳ್ಳಾಪುರದ್ದು ನಡುವೆ. ಎತ್ತಿನ ಗಾಡಿಯ ಕಾಲಕ್ಕೆ ನಾಲ್ಕು ನಿಮಿಷ ಯಾರಿಗೆ ಬೇಕಿತ್ತು? 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ, ಇವತ್ತಿನ ಬಂಗಾರಪೇಟೆಯ ಮೇಲೆ ಹಾದು ರೈಲು ಬಂತು. ಒಂದೇ ಹಳಿಯ ಮೇಲೆ ಎದುರುಬದುರು ಬರುವ ಎರಡು ಗಾಡಿಗಳಿಗೆ ಎರಡು ಗಡಿಯಾರವಿದ್ದರೆ ಆಗುವುದೇನೆಂದು ಬಿಡಿಸಿ ಹೇಳಬೇಕಿಲ್ಲ. ಮದ್ರಾಸಿನ ಖಗೋಳ ವೀಕ್ಷಣಾಲಯದ ಕಾಲವನ್ನು ರೈಲ್ವೆಗಳು ದೇಶದ ಉದ್ದಗಲಕ್ಕೂ ಒಪ್ಪಿಕೊಂಡವು, ಕಲ್ಕತ್ತಕ್ಕೂ ಬೊಂಬಾಯಿಗೂ ಅದು ನಡುವೆ ಇದ್ದದ್ದರಿಂದ. ಮದ್ರಾಸ್ ಕಾಲ ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ 10 ಸೆಕೆಂಡು ಮುಂದೆ. ಸ್ಟೇಷನ್ನಿನ ಗಡಿಯಾರ ಮದ್ರಾಸಿನದು, ಊರಿನ ಗಡಿಯಾರ ನೆತ್ತಿಯ ಸೂರ್ಯನದು. ಕೋಲಾರದಲ್ಲಿ ಎರಡರ ನಡುವೆ ಎಂಟೊಂಬತ್ತು ನಿಮಿಷ.

1884ರ ಅಕ್ಟೋಬರಿನಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ಗ್ರೀನಿಚ್ ಅನ್ನು ಸೊನ್ನೆ ರೇಖಾಂಶವೆಂದು ಒಪ್ಪಿತು. ಅದಕ್ಕೆ ಹೊಂದಿಕೊಳ್ಳುವಂತೆ 1906ರ ಜನವರಿ 1ರಂದು ಭಾರತದ ಪ್ರಮಾಣ ಕಾಲ ಜಾರಿಗೆ ಬಂತು. ಆಧಾರ, ಮಿರ್ಜಾಪುರದ ಹತ್ತಿರ ಹಾದುಹೋಗುವ 82 ಡಿಗ್ರಿ 30 ನಿಮಿಷದ ರೇಖಾಂಶ. ಹದಿನೈದರಿಂದ ಭಾಗಿಸಿದರೆ ಐದೂವರೆ. ಎಲ್ಲರೂ ತಕ್ಷಣ ಒಪ್ಪಲಿಲ್ಲ. ಕಲ್ಕತ್ತ 1948ರವರೆಗೂ ಬೊಂಬಾಯಿ 1955ರವರೆಗೂ ತಮ್ಮ ತಮ್ಮ ಕಾಲವನ್ನು ಹಿಡಿದುಕೊಂಡೇ ಇದ್ದವು. ಕೋಲಾರದ ಸೂರ್ಯ ಇವತ್ತಿಗೂ ಗಡಿಯಾರಕ್ಕಿಂತ ಸುಮಾರು ಹದಿನೇಳು ನಿಮಿಷ ಹಿಂದೆ, ತುಮಕೂರಿನವನು ಸುಮಾರು ಇಪ್ಪತ್ತೊಂದು ನಿಮಿಷ.

ಇದೆಲ್ಲ ಹಳೇ ಪುರಾಣ, ಕೋಡ್ ಬರೆಯುವವನಿಗೆ ಇದರಿಂದ ಏನು ಅಂದುಕೊಂಡಿದ್ದೆ ನಾನೂ. ಆದರೆ ಡೇರಿಯ ತಪ್ಪನ್ನು ತರಾತುರಿಯಲ್ಲಿ ತಿದ್ದಿದ ಮಾರನೇ ದಿನವೇ ರೈತರ ಫೋನಿಗೆ ವಿಚಿತ್ರ ಮೆಸೇಜುಗಳು ಹೋದವು. ಆರು ಗಂಟೆಗೆ ಹಾಕಿದ ಹಾಲಿಗೆ '5:37' ಎಂದು ಸಮಯ. ಎಲ್ಲರದ್ದೂ ಸರಿಯಾಗಿ ಇಪ್ಪತ್ತಮೂರು ನಿಮಿಷ ಹಿಂದೆ. ಅರ್ಧ ಗಂಟೆ ವ್ಯತ್ಯಾಸವಾಗಿದ್ದರೆ ಎಲ್ಲೋ ಐದೂವರೆಯ ಬದಲು ಐದು ಎಂದು ಊಹಿಸಬಹುದಿತ್ತು. ಇಪ್ಪತ್ತಮೂರು ಯಾವ ಲೆಕ್ಕ? ಒಂದು ಗಳಿಗೆಗೆ ಒಂದೇ ನಿಮಿಷ ಕಮ್ಮಿ!

ಅದು ಕಲ್ಕತ್ತದ ಸೂರ್ಯ. ಕಲ್ಕತ್ತದ ಸ್ಥಳೀಯ ಕಾಲ ಗ್ರೀನಿಚ್‌ಗಿಂತ 5 ಗಂಟೆ 53 ನಿಮಿಷ 28 ಸೆಕೆಂಡು ಮುಂದೆ. ಜಗತ್ತಿನ ಕಂಪ್ಯೂಟರುಗಳೆಲ್ಲ ನೆಚ್ಚಿಕೊಂಡಿರುವ ಕಾಲವಲಯಗಳ ಕೋಷ್ಟಕದಲ್ಲಿ ಭಾರತದ ಹೆಸರು 'ಏಷ್ಯಾ/ಕೋಲ್ಕತಾ'. ಆ ಹೆಸರಿನಡಿ ನಮ್ಮ ಇತಿಹಾಸವೆಲ್ಲ ಸಾಲುಸಾಲಾಗಿ ಇದೆ. ಮೊದಲು ಕಲ್ಕತ್ತದ ಸೂರ್ಯನ ಕಾಲ, ಆಮೇಲೆ ಮದ್ರಾಸ್ ಕಾಲ, 1906ರಿಂದ ಐದೂವರೆ, ಯುದ್ಧದ ನಡುವೆ ಆರೂವರೆ, ಮತ್ತೆ ಐದೂವರೆ. ಪೈತಾನ್ ಭಾಷೆಯಲ್ಲಿ ವರ್ಷಗಟ್ಟಲೆ ಎಲ್ಲರೂ ಬಳಸಿದ ಪೈಟಿಝಡ್ ಎಂಬ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಇದೆ. ಅದರ ಕಾಲವಲಯವನ್ನು ಸೀದಾ ಒಂದು ಸಮಯಕ್ಕೆ ಅಂಟಿಸಿಬಿಟ್ಟರೆ ಯಾವ ವರ್ಷದ ಸಮಯ ಎಂದು ಅದು ನೋಡುವುದಿಲ್ಲ, ಕೋಷ್ಟಕದ ಮೊದಲ ಸಾಲನ್ನೇ ಎತ್ತಿಕೊಡುತ್ತದೆ: 5:53. ಅದಕ್ಕೆಂದೇ ಬೇರೆ ವಿಧಾನ ಬಳಸಿ ಎಂದು ಅದರ ಕೈಪಿಡಿಯಲ್ಲಿ ಬರೆದಿದ್ದಾರೆ. ನಾನು ಓದಿರಲಿಲ್ಲ. 2020ರ ಅಕ್ಟೋಬರಿನಲ್ಲಿ ಬಂದ ಪೈತಾನ್ 3.9ರಲ್ಲಿ ಈ ಗುಂಡಿಯಿಲ್ಲದ ಝೋನ್‌ಇನ್ಫೊ ಭಾಷೆಯ ಜೊತೆಯಲ್ಲೇ ಸಿಕ್ಕಿತು. ಹತ್ತೊಂಬತ್ತನೇ ಶತಮಾನದ ಕಲ್ಕತ್ತ, ಕೋಲಾರ ಜಿಲ್ಲೆಯ ಹಳ್ಳಿಯೊಂದರ ಹಾಲಿನ ಮೆಸೇಜಿನಲ್ಲಿ ಎರಡು ದಿನ ಉಸಿರಾಡಿತು ಅನ್ನುವುದಷ್ಟೇ ನನಗೆ ಉಳಿದ ಲಾಭ.

ಈ ಕೋಷ್ಟಕದ ಕಥೆಯನ್ನೇ ಸ್ವಲ್ಪ ಹೇಳಬೇಕು. ಅದನ್ನು ಕಟ್ಟಿದ್ದು ಯಾವ ಸರಕಾರವೂ ಅಲ್ಲ, ಕಂಪನಿಯೂ ಅಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಶುರು ಮಾಡಿದರು. ಆಮೇಲೆ ಪಾಲ್ ಎಗರ್ಟ್ ಜೊತೆಯಾದರು, ಈಗ ಅವರೇ ನೋಡಿಕೊಳ್ಳುತ್ತಾರೆ. ಯಾವುದೋ ದೇಶ ಗಡಿಯಾರ ತಿರುಗಿಸುತ್ತದೆಂಬ ಸುದ್ದಿ ಬಂದರೆ ಒಂದಷ್ಟು ಜನ ಸ್ವಂತ ಆಸಕ್ತಿಯಿಂದ ಅದನ್ನು ಖಚಿತಪಡಿಸಿಕೊಂಡು ಸಾಲು ಸೇರಿಸುತ್ತಾರೆ, ನಮ್ಮ ಫೋನುಗಳಿಗೆ ಅದು ಬಂದು ಸೇರುತ್ತದೆ. ಬದಲಾವಣೆಗಳಿಗೇನೂ ಬರವಿಲ್ಲ. ಶ್ರೀಲಂಕಾ 1996ರಲ್ಲಿ ಆರೂವರೆಗೆ ಹೋಗಿ, ಅದೇ ವರ್ಷ ಆರಕ್ಕೆ ಇಳಿದು, 2006ರ ಏಪ್ರಿಲಿನಲ್ಲಿ ಮತ್ತೆ ನಮ್ಮ ಐದೂವರೆಗೆ ಬಂತು. ನೇಪಾಳ 1986ರಲ್ಲಿ ನಮ್ಮಿಂದ ಕಾಲು ಗಂಟೆ ಮುಂದೆ ಸರಿದು ಐದೂ ಮುಕ್ಕಾಲಾಯಿತು. ಸಮೋವಾ ದ್ವೀಪ ದಿನಾಂಕ ರೇಖೆಯ ಆಚೆ ಬದಿಗೆ ನೆಗೆದಾಗ 2011ರ ಡಿಸೆಂಬರ್ 30 ಎಂಬ ದಿನವೇ ಅಲ್ಲಿ ಇರಲಿಲ್ಲ. ಅಲ್ಲೊಂದು ಡೇರಿ ಇದ್ದಿದ್ದರೆ ಆವತ್ತಿನ ಹಾಲು ಎಲ್ಲಿಗೆ ಬರೆಯುತ್ತಿದ್ದರೋ.

2011ರ ಸೆಪ್ಟೆಂಬರ್ ಕೊನೆಯಲ್ಲಿ ಓಲ್ಸನ್ ಮತ್ತು ಎಗರ್ಟ್ ಮೇಲೆ ಕೇಸು ಬಿತ್ತು. ಹಾಕಿದ್ದು ಆಸ್ಟ್ರೋಲೇಬ್ ಎಂಬ ಅಮೆರಿಕದ ಕಂಪನಿ. ಅದರ ಕಸುಬು ಜ್ಯೋತಿಷ್ಯದ ಸಾಫ್ಟ್‌ವೇರ್! ಹಳೆಯ ಕಾಲವಲಯಗಳ ಮಾಹಿತಿಯನ್ನು ತಮ್ಮ ಹಕ್ಕಿನ ಅಟ್ಲಾಸಿನಿಂದ ತೆಗೆದಿದ್ದಾರೆ ಎಂಬುದು ಅವರ ದೂರು. ಅಕ್ಟೋಬರಿನಲ್ಲಿ ಕೋಷ್ಟಕದ ಉಸ್ತುವಾರಿಯನ್ನು ಇಂಟರ್ನೆಟ್ಟಿನ ಹೆಸರು-ಸಂಖ್ಯೆಗಳನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆ ವಹಿಸಿಕೊಂಡಿತು. 2012ರ ಫೆಬ್ರವರಿಯಲ್ಲಿ ದೂರು ವಾಪಸಾಯಿತು.

ಜ್ಯೋತಿಷಿಗಳಿಗೂ ಕಾಲವಲಯಕ್ಕೂ ನಂಟು ಇರುವುದು ನಮ್ಮವರಿಗೆ ಆಶ್ಚರ್ಯವಲ್ಲ. 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ಮಧ್ಯದವರೆಗೆ ಯುದ್ಧದ ಕಾರಣಕ್ಕೆ ದೇಶದ ಗಡಿಯಾರ ಒಂದು ಗಂಟೆ ಮುಂದಿತ್ತು. ಆಗ ಬೆಳಗ್ಗೆ ಏಳಕ್ಕೆ ಹುಟ್ಟಿದ ಮಗು ಈಗಿನ ಲೆಕ್ಕದಲ್ಲಿ ಆರಕ್ಕೆ ಹುಟ್ಟಿದ್ದು. ಜಾತಕ ಬರೆಯುವವರಿಗೆ ಈ ಒಂದು ಗಂಟೆ ಕಳೆಯಬೇಕೆನ್ನುವುದು ಚೆನ್ನಾಗಿ ಗೊತ್ತು, ಲಗ್ನವೇ ಬದಲಾಗಿಬಿಡಬಹುದಲ್ಲ. ಹುಟ್ಟಿದ ಊರಿನ ರೇಖಾಂಶ ನೋಡಿ ಸ್ಥಳೀಯ ಕಾಲಕ್ಕೆ ತಿರುಗಿಸುವುದನ್ನೂ ಅವರು ಬಿಡುವುದಿಲ್ಲ. ಜಾತಕವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಸಮಯದ ಜೊತೆಗೆ ಸ್ಥಳವನ್ನೂ ತಪ್ಪದೆ ಕೇಳುವ ಫಾರಂ ನಾನು ಕಂಡಂತೆ ಅದೊಂದೇ.

ಕಲ್ಕತ್ತದ ಹೆಸರೇ ಯಾಕೆ ಎಂದು ಕೇಳುವವರಿದ್ದಾರೆ. ಒಂದೇ ಕಾಲ ಪಾಲಿಸುವ ಪ್ರದೇಶದಲ್ಲಿ ಸಾಮಾನ್ಯವಾಗಿ ಅತಿ ಹೆಚ್ಚು ಜನರಿರುವ ಊರಿನ ಹೆಸರು ಹಿಡಿಯುವುದು ಕೋಷ್ಟಕದ ಪದ್ಧತಿ. ಊರಿನ ಹೆಸರು 2001ರಲ್ಲೇ ಕೋಲ್ಕತಾ ಆದರೂ ಎಷ್ಟೋ ವರ್ಷ 'ಕಲ್ಕಟಾ' ಎಂದೇ ಇತ್ತು, ಹಳೆಯ ಹೆಸರು ಈಗಲೂ ಬದಲಿ ಹೆಸರಾಗಿ ನಡೆಯುತ್ತದೆ. 2014ರ ನವೆಂಬರ್ 1ರಂದು ತುಮಕೂರಿನ ಇಂಗ್ಲಿಷ್ ಕಾಗುಣಿತ ಸರಿಹೋದ ಮೇಲೂ ಎಷ್ಟು ಫಾರಂಗಳಲ್ಲಿ ಹಳೆಯ 'ಟುಮ್ಕುರ್' ಕೂತಿದೆ ನೋಡಿ, ಹಾಗೆಯೇ.

ಇಷ್ಟುದ್ದದ ಹೆಸರು ಬೇಡವೆಂದು 'ಐಎಸ್‌ಟಿ', ಅಂದರೆ ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್, ಎಂದು ಬರೆದರೆ ಇನ್ನೊಂದು ಫಜೀತಿ. ಇಸ್ರೇಲಿನವರದ್ದೂ ಐಎಸ್‌ಟಿ, ಐರ್ಲೆಂಡಿನವರದ್ದೂ ಐಎಸ್‌ಟಿ. ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಏನನ್ನೂ ಹೇಳದೆ ಬಿಟ್ಟರೆ ಐಎಸ್‌ಟಿ ಅಂದರೆ ಅದು ಇಸ್ರೇಲ್ ಎಂದೇ ತಿಳಿಯುತ್ತದೆ. ಭಾರತದ್ದು ಬೇಕೆಂದು ಪ್ರತ್ಯೇಕ ಸೆಟ್ಟಿಂಗ್ ಇಡಬೇಕು. ಜಾವಾ ಭಾಷೆ ಮಾತ್ರ ಐಎಸ್‌ಟಿಯನ್ನು ನಮಗೇ ಕೊಟ್ಟಿದೆ, ಜೊತೆಗೆ ಈ ಮೂರಕ್ಷರಗಳನ್ನು ಬಳಸಲೇಬೇಡಿ ಎಂದು ಎಚ್ಚರಿಸುತ್ತದೆ. ಎರಡನ್ನೂ ಒಂದೇ ಅಪ್ಲಿಕೇಶನ್ನಿನಲ್ಲಿ ಇಟ್ಟರೆ ನಡುವೆ ಮೂರೂವರೆ ಗಂಟೆ ಕಾಣೆಯಾಗಬಹುದು.

ಇನ್ನು ಕಂಪ್ಯೂಟರು ಒಳಗೆ ಕಾಲವನ್ನು ಹೇಗೆ ಇಟ್ಟುಕೊಳ್ಳುತ್ತದೆ ಅನ್ನುವುದು. ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹುಟ್ಟಿದಾಗ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತವರ ಗೆಳೆಯರು ಸುಲಭದ ದಾರಿ ಹಿಡಿದರು. ತಾರೀಕು, ತಿಂಗಳು ಏನೂ ಬೇಡ, ಒಂದು ಗಳಿಗೆಯಿಂದ ಎಣಿಸುತ್ತಾ ಹೋಗುವುದು. 1971ರ ಮೊದಲ ಕೈಪಿಡಿಯಲ್ಲಿ ಎಣಿಕೆ 1971ರ ಜನವರಿ 1ರಿಂದ, ಸೆಕೆಂಡಿನ ಅರುವತ್ತನೇ ಒಂದು ಭಾಗದ ಲೆಕ್ಕದಲ್ಲಿತ್ತು. ಆ ವೇಗದಲ್ಲಿ 32 ಬಿಟ್ಟಿನ ಡಬ್ಬ, ಅಂದರೆ ಎಣಿಕೆ ಬರೆದಿಡಲು ಇದ್ದ 32 ಸೊನ್ನೆ-ಒಂದುಗಳ ಜಾಗ, ಎರಡೂಕಾಲು ವರ್ಷಕ್ಕೆ ತುಂಬಿಹೋಗುತ್ತದೆ. ಆದ್ದರಿಂದ ಮುಂದೆ ಪೂರ್ತಿ ಸೆಕೆಂಡಿನ ಎಣಿಕೆಗೆ ಬಂದರು, ಆರಂಭ 1970ರ ಜನವರಿ 1 ಆಯಿತು. ಡಬ್ಬ ಮಾತ್ರ ಅದೇ. ಅದು ತುಂಬುವುದು 2038ರ ಜನವರಿ 19ರ ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡಿಗೆ ಹಳೆಯ ಯಂತ್ರಗಳು 1901ರ ಡಿಸೆಂಬರಿಗೆ ಜಾರುತ್ತವೆ. ಹೊಸ ಕಂಪ್ಯೂಟರುಗಳಲ್ಲಿ 64 ಬಿಟ್ಟಿನ ಡಬ್ಬವಿದೆ, 32 ಬಿಟ್ಟಿನ ಯಂತ್ರಗಳಿಗೂ ಲಿನಕ್ಸ್ 2020ರಲ್ಲಿ ದಾರಿ ಮಾಡಿಕೊಟ್ಟಿತು. ಆದರೆ ಮೈಎಸ್‌ಕ್ಯುಎಲ್ ಡೇಟಾಬೇಸಿನ 'ಟೈಮ್‌ಸ್ಟ್ಯಾಂಪ್' ಎಂಬ ಬಗೆಗೆ ಇವತ್ತಿಗೂ 1970 ಮತ್ತು 2038ರ ನಡುವಿನ ಕಾಲವಷ್ಟೇ ಗೊತ್ತು. ಇವತ್ತು ಕೊಡುವ ಇಪ್ಪತ್ತು ವರ್ಷದ ಮನೆ ಸಾಲದ ಕೊನೆಯ ಕಂತು ಅದರಲ್ಲಿ ಹಿಡಿಸುವುದಿಲ್ಲ, 1962ರಲ್ಲಿ ಹುಟ್ಟಿದ ನಮ್ಮಪ್ಪನೂ ಹಿಡಿಸುವುದಿಲ್ಲ.

ಇನ್ನೂ ಹಿಂದಿನವರ ಪಾಡು ಹೇಳುವುದೇ ಬೇಡ. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಜನ್ಮದಿನ ಸೆಪ್ಟೆಂಬರ್ 15. ವರ್ಷ 1860 ಎನ್ನುವವರೂ 1861 ಎನ್ನುವವರೂ ಇದ್ದಾರೆ. ಯಾವುದನ್ನೇ ಹಿಡಿಯಿರಿ, 32 ಬಿಟ್ಟಿನ ಎಣಿಕೆಗೆ ಅದು ನಿಲುಕುವುದಿಲ್ಲ. ಎಕ್ಸೆಲ್‌ನಲ್ಲಿ ಬರೆದು ನೋಡಿ, ಅದನ್ನು ತಾರೀಕು ಎಂದೇ ಒಪ್ಪದೆ ಬರೀ ಅಕ್ಷರ ಎಂದು ಎಡಕ್ಕೆ ತಳ್ಳುತ್ತದೆ, ಯಾಕೆಂದರೆ ಎಕ್ಸೆಲ್ ಪ್ರಪಂಚ ಶುರುವಾಗುವುದು 1900ರಿಂದ. ಆ 1900 ಕೂಡ ಸರಿಯಿಲ್ಲ. ಅದು ಅಧಿಕ ವರ್ಷವಲ್ಲ, ಆದರೂ ಎಕ್ಸೆಲ್‌ನಲ್ಲಿ ಫೆಬ್ರವರಿ 29 ಇದೆ. ಅದಕ್ಕಿಂತ ಮುಂಚಿನ ಲೋಟಸ್ 1-2-3ರಲ್ಲಿದ್ದ ತಪ್ಪನ್ನು, ಹಳೆಯ ಫೈಲುಗಳು ಹೊಂದಬೇಕೆಂದು ಬೇಕೆಂದೇ ಉಳಿಸಿಕೊಂಡರು. ದೇಶದ ಇಂಜಿನಿಯರ್‌ಗಳ ದಿನವಾದ ತಾರೀಕು ಇಂಜಿನಿಯರ್‌ಗಳೇ ಮಾಡಿದ ಹಾಳೆಯಲ್ಲಿ ಕೂರುವುದಿಲ್ಲ.

ಎರಡಂಕಿಯ ವರ್ಷದ ಗಲಾಟೆ, ಅಂದರೆ ವೈ2ಕೆ, ಎಲ್ಲರಿಗೂ ಗೊತ್ತು. ಅದು 2000ಕ್ಕೆ ಮುಗಿಯಿತೆಂಬುದು ಮಾತ್ರ ಸುಳ್ಳು. ಎಕ್ಸೆಲ್ ಸಾಮಾನ್ಯವಾಗಿ '29' ಎಂದರೆ 2029 ಎಂದೂ '30' ಎಂದರೆ 1930 ಎಂದೂ ಓದುತ್ತದೆ. ವೃದ್ಧಾಪ್ಯ ವೇತನದ ಪಟ್ಟಿಯಲ್ಲಿ 1929ರ ಅಜ್ಜಿಯನ್ನು ಎರಡೇ ಅಂಕಿಯಲ್ಲಿ ಬರೆದರೆ ಆಕೆ ಇನ್ನೂ ಹುಟ್ಟಿಲ್ಲ.

ನನ್ನ ತಪ್ಪಿನ ಬೇರು ಇರುವುದು ಇವುಗಳಿಗಿಂತ ಒಂದು ಹೆಜ್ಜೆ ಪಕ್ಕದಲ್ಲಿ. ಯುನಿಕ್ಸ್ ಎಣಿಸುವುದು ಕ್ಷಣಗಳನ್ನು. ಕ್ಷಣ ಎಲ್ಲ ಊರಿಗೂ ಒಂದೇ. 'ಹದಿನಾರನೇ ತಾರೀಕು' ಕ್ಷಣವಲ್ಲ, ಅದು ಜನ ಮಾಡಿಕೊಂಡ ಕಟ್ಟಳೆ. ಎರಡಕ್ಕೂ ಒಂದೇ ಪೆಟ್ಟಿಗೆ ಕೊಟ್ಟರು ಭಾಷೆ ಮಾಡಿದವರು. 1995ರ ಮೇ ತಿಂಗಳಲ್ಲಿ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಬ್ರೌಸರಿನೊಳಗೆ ಓಡುವ ಜಾವಾಸ್ಕ್ರಿಪ್ಟ್ ಭಾಷೆ ಮಾಡಿದಾಗ, ಜಾವಾದ ಹಾಗೆ ಕಾಣಬೇಕೆಂದು ಮೇಲಿನಿಂದ ಅಪ್ಪಣೆಯಿತ್ತು. ಜಾವಾದ 'ಡೇಟ್' ಅನ್ನು ಇದ್ದ ಹಾಗೇ ಎತ್ತಿಕೊಂಡರು. ತಿಂಗಳು ಸೊನ್ನೆಯಿಂದ ಶುರು, ಜನವರಿ ಅಂದರೆ 0. ವರ್ಷ 1900ರಿಂದ ಎಣಿಕೆ, ಅದಕ್ಕೇ 2000 ಬಂದಾಗ ಎಷ್ಟೋ ಜಾಲತಾಣಗಳು '19100' ಎಂದು ಹೊಸ ವರ್ಷ ಆಚರಿಸಿದವು. ಹೆಸರು 'ಡೇಟ್', ಒಳಗಿರುವುದು ತಾರೀಕಲ್ಲ, 1970ರಿಂದ ಎಣಿಸಿದ ಮಿಲಿಸೆಕೆಂಡುಗಳು. 

ಜಾವಾದವರು ಆ ಹಳೆಯ 'ಡೇಟ್' ಸಾಲದೆಂದು 1997ರಲ್ಲೇ 'ಕ್ಯಾಲೆಂಡರ್' ತಂದರು, ಅದೂ ಹಾಗೇ ಇತ್ತು. ಸ್ಟೀಫನ್ ಕೋಲ್‌ಬೋರ್ನ್ ಎಂಬವರು ಬೇಸತ್ತು ಜೋಡಾ-ಟೈಮ್ ಎಂಬ ಬೇರೆ ಲೈಬ್ರರಿಯನ್ನೇ ಬರೆದರು. ಅದರ ಪಾಠಗಳೆಲ್ಲ 2014ರ ಮಾರ್ಚಿನ ಜಾವಾ 8ಕ್ಕೆ ಬಂದವು. ತಾರೀಕಿಗೆ ಒಂದು ಬಗೆ, ಗೋಡೆ ಗಡಿಯಾರದ ಸಮಯಕ್ಕೆ ಒಂದು ಬಗೆ, ಕ್ಷಣಕ್ಕೆ ಇನ್ನೊಂದು. ಜಾವಾಸ್ಕ್ರಿಪ್ಟಿನವರು ಮೊಮೆಂಟ್ ಎಂಬ ಲೈಬ್ರರಿಯಲ್ಲಿ ವರ್ಷಗಟ್ಟಲೆ ಕಾಲ ತಳ್ಳಿದರು. 2020ರಲ್ಲಿ ಅದರ ಕರ್ತರೇ ಹೊಸ ಕೆಲಸಕ್ಕೆ ಇದನ್ನು ಬಳಸಬೇಡಿ ಎಂದುಬಿಟ್ಟರು. ಅದರ ಜಾಗಕ್ಕೆ 'ಟೆಂಪೊರಲ್' ಬರುತ್ತಿದೆ. ಫೈರ್‌ಫಾಕ್ಸ್ ಬ್ರೌಸರ್ 2025ರಲ್ಲಿ ಅದನ್ನು ಕೊಟ್ಟಿತು. ಮೂವತ್ತು ವರ್ಷ ಹಿಡಿಯಿತು, ತಾರೀಕು ಬೇರೆ ಕ್ಷಣ ಬೇರೆ ಅನ್ನಲು.

ಆ ಮೂವತ್ತು ವರ್ಷದ ಗುರುತು ಭಾರತದ ಡೇಟಾಬೇಸುಗಳಲ್ಲಿ ಎದ್ದು ಕಾಣುತ್ತದೆ. ಯಾವುದಾದರೂ ಟೇಬಲ್ ತೆರೆದು ಹುಟ್ಟಿದ ದಿನದ ಕಾಲಂ ನೋಡಿ: ಮೇ 31, 18:30. ಮೇ 31, 18:30. ಮೇ 31, 18:30. ಇದು ಜೂನ್ 1. ನಮ್ಮ ಹಳ್ಳಿಗಳಲ್ಲಿ ಒಂದು ತಲೆಮಾರು ಪೂರ್ತಿ ಜೂನ್ 1ರಂದೇ ಹುಟ್ಟಿದೆ. ಶಾಲೆ ಶುರುವಾಗುವ ದಿನ ಮೇಷ್ಟ್ರು ಮಗುವಿನ ಎತ್ತರ ನೋಡಿ ಬರೆದ ತಾರೀಕು ಅದು. ಬ್ರೌಸರಿನಲ್ಲಿ ಜೂನ್ 1 ಎಂದು ಆರಿಸಿದರೆ 'ಡೇಟ್' ಅದನ್ನು ಇಲ್ಲಿನ ನಡುರಾತ್ರಿ ಎಂದುಕೊಳ್ಳುತ್ತದೆ, ಸರ್ವರಿಗೆ ಕಳಿಸುವಾಗ ಐದೂವರೆ ಗಂಟೆ ಕಳೆದು ಹಿಂದಿನ ಸಂಜೆ ಆರೂವರೆ ಮಾಡುತ್ತದೆ. ತಾರೀಕನ್ನಷ್ಟೇ ಕತ್ತರಿಸಿಕೊಂಡರೆ ಮೇ 31. ಅದನ್ನೇ ಇನ್ನೊಂದು ಸಲ ತಿದ್ದಿ ಉಳಿಸಿದರೆ ಮೇ 30 ಆಗುವ ಅಪ್ಲಿಕೇಶನ್ನುಗಳನ್ನೂ ಕಂಡಿದ್ದೇನೆ, ಒಂದೊಂದು ಸಲ ಒತ್ತಿದಾಗಲೂ ಮನುಷ್ಯನಿಗೆ ಒಂದು ದಿನ ವಯಸ್ಸಾಗುತ್ತದೆ. ಇದರ ಜೊತೆಗೆ ಜಾವಾಸ್ಕ್ರಿಪ್ಟಿನ ಇನ್ನೊಂದು ಹುಚ್ಚು: ವರ್ಷ-ತಿಂಗಳು-ದಿನ ಎಂದಷ್ಟೇ ಬರೆದ ಪಠ್ಯವನ್ನು ಅದು ಯುಟಿಸಿ ಎಂದು ಓದುತ್ತದೆ, ಪಕ್ಕದಲ್ಲಿ ಗಂಟೆಯನ್ನೂ ಬರೆದರೆ ಸ್ಥಳೀಯ ಕಾಲ ಎಂದು.

ಎಲ್ಲವನ್ನೂ ಯುಟಿಸಿಯಲ್ಲಿ ಇಡಿ, ತೋರಿಸುವಾಗ ಮಾತ್ರ ತಿರುಗಿಸಿ ಎಂದು ಕಲಿಸುತ್ತಾರೆ. ಕ್ಷಣಗಳಿಗೆ ಆ ಮಾತು ಸರಿ. ಆದರೆ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿಗೆ ಹೋಗುವವರನ್ನು ಕೇಳಿ. ಸೋಮವಾರ ರಾತ್ರಿ ಒಳಗೆ ಹೋಗಿ ಮಂಗಳವಾರ ಬೆಳಗ್ಗೆ ಹೊರಬಂದವರ ಹಾಜರಿ ಸೋಮವಾರದ್ದು, ನಡುರಾತ್ರಿ ಕಳೆದ ಮೇಲೆ ಬೆರಳೊತ್ತಿದ್ದರೂ. ಬಂಗಾರಪೇಟೆಯಲ್ಲಿ ರಾತ್ರಿ ಹನ್ನೆರಡೂಕಾಲಿಗೆ ಹತ್ತುವ ರೈಲಿನ ಟಿಕೆಟ್ಟಿನಲ್ಲಿ ಹದಿನೈದು ಎಂದಿದ್ದರೆ ಸ್ಟೇಷನ್ನಿಗೆ ಹೊರಡಬೇಕಾದದ್ದು ಹದಿನಾಲ್ಕರ ರಾತ್ರಿ ಊಟ ಮಾಡಿ. ಪಾವಗಡದ ಸೋಲಾರ್ ಪಾರ್ಕಿನ ಕರೆಂಟು ಗ್ರಿಡ್ಡಿಗೆ ಹೋಗುವುದು ದಿನಕ್ಕೆ 96 ತುಂಡುಗಳ ಲೆಕ್ಕದಲ್ಲಿ, ತುಂಡಿಗೆ ಹದಿನೈದು ನಿಮಿಷ, ಭಾರತದ ನಡುರಾತ್ರಿಯಿಂದ ಶುರು. ಬಿಸಿಲಿನ ಅಂದಾಜು ಹೊರಗಿನಿಂದ ಯುಟಿಸಿಯ ಗಂಟೆಗಂಟೆಗೆ ಬಂದರೆ, ಅವರ ಒಂದು ಗಂಟೆ ನಮ್ಮ ಎರಡು ಗಂಟೆಗಳ ಅರ್ಧರ್ಧಕ್ಕೆ ಹರಡಿಕೊಳ್ಳುತ್ತದೆ. ಆ ಅರ್ಧವನ್ನು ಯಾವ ಪರಿವರ್ತನೆಯೂ ಪೂರ್ತಿ ಮಾಡಿಕೊಡುವುದಿಲ್ಲ.

ಭೂಮಿಯ ತಿರುಗಾಟಕ್ಕೆ ಹೊಂದಿಸಲು ಆಗಾಗ ಸೇರಿಸುವ ಅಧಿಕ ಸೆಕೆಂಡು ಕೂಡ ಯುಟಿಸಿಯ ದಿನದ ಕೊನೆಗೇ ಬರುವುದು. 1972ರಿಂದ ಈವರೆಗೆ ಅಂಥವು 27. ಕೊನೆಯದು 2017ರ ಜನವರಿ 1ರ ಬೆಳಗ್ಗೆ ನಮ್ಮಲ್ಲಿ 5:29 ಕಳೆದು 5:30 ಆಗುವ ಮುನ್ನ, ಹಾಲು ಕರೆಯುವ ಹೊತ್ತಿಗೆ. 2012ರ ಜುಲೈ 1ರಂದು ಅದೇ ಹೊತ್ತಿನಲ್ಲಿ ಬಂದ ಸೆಕೆಂಡಿಗೆ ಜಗತ್ತಿನ ಎಷ್ಟೋ ಲಿನಕ್ಸ್ ಸರ್ವರುಗಳು ತತ್ತರಿಸಿದವು. 2035ರ ಒಳಗೆ ಈ ಪದ್ಧತಿ ಬಿಡಬೇಕೆಂದು 2022ರಲ್ಲಿ ತೀರ್ಮಾನವಾಗಿದೆ.

ಡೇರಿಯ ಲೆಕ್ಕಕ್ಕೆ ಕೊನೆಗೆ ಮಾಡಿದ್ದು ಇಷ್ಟು. ಹಾಲು ತೂಗಿದ ಕ್ಷಣ ಯುಟಿಸಿಯಲ್ಲೇ ಉಳಿಯಿತು. ಅದರ ಪಕ್ಕದಲ್ಲಿ ಎರಡು ಹೊಸ ಕಾಲಂ: ತಾರೀಕು ಮತ್ತು ಹೊತ್ತು. ಇವನ್ನು ಕ್ಷಣದಿಂದ ಲೆಕ್ಕ ಹಾಕುವುದಿಲ್ಲ. ಡೇರಿ ಬಾಗಿಲು ತೆಗೆದ ಮೇಲೆ ಸೆಕ್ರೆಟರಿಯೇ ಒಂದು ಸಲ 'ಹದಿನಾರು, ಬೆಳಗ್ಗೆ' ಎಂದು ಒತ್ತುತ್ತಾರೆ, ಬಾಗಿಲು ಹಾಕುವವರೆಗೆ ಬಿದ್ದ ಹಾಲೆಲ್ಲ ಅದಕ್ಕೇ ಸೇರುತ್ತದೆ. ಬದಲಾಯಿಸಿ ತೋರಿಸಿದಾಗ ಆ ಹೆಂಗಸು ತಮ್ಮ ಪಾಸ್‌ಪುಸ್ತಕ ಮುಂದಿಟ್ಟರು. ಅದರಲ್ಲಿ ಮೊದಲಿನಿಂದಲೂ ಇದ್ದದ್ದು ಅದೇ ಎರಡು ಕಾಲಂ, ತಾರೀಕು ಮತ್ತು 'ಬೆ/ಸಂ'. ಸಮಯ ಬರೆಯುವ ಕಾಲಂ ಅದರಲ್ಲಿ ಇಲ್ಲವೇ ಇಲ್ಲ.

ಹಿಂದಿನ ಬಟವಾಡೆಗಳ ಬಾಕಿಯನ್ನು ಲೆಕ್ಕ ಹಾಕಿ ಕೊಟ್ಟಾಯಿತು. ಆಮೇಲೆ ಒಂದು ದಿನ ಸೆಕ್ರೆಟರಿ ಫೋನು ಮಾಡಿದರು. ಫ್ಯಾಟ್ ನೋಡುವ ಮಷೀನಿನ ಒಳಗಿನ ಬ್ಯಾಟರಿ ಸತ್ತಿತ್ತು, ಕರೆಂಟು ಹೋಗಿ ಬಂದ ಮೇಲೆ ಅದು 2000ದ ಜನವರಿ 1 ಎಂದು ಎದ್ದು ಕೂತಿತ್ತು. "ಈಗ ಹಾಕಿದ ಮೂರು ಜನದ ಹಾಲಿಗೆ ಇಪ್ಪತ್ತೈದು ವರ್ಷದ ಹಿಂದಿನ ಚೀಟಿ ಬಂದೈತೆ," ಅಂದರು. "ತಾರೀಕು ನಾನೇ ಒತ್ತಿದ್ನಲ್ಲ, ಬಿಲ್ಲೇನೂ ಕೆಟ್ಟಿಲ್ಲ. ಚೀಟಿ ಮಾತ್ರ ಏನು ಮಾಡಾಣ?"